ಶಂಕರ್‌ನಾಗ್ ನೆನಪಿನ ಸಂಜೆಗೆ ಯಾವ ಚಿತ್ರ?

ಚೌತಿ ಮುಗಿದು ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮರುವಾರವೇ ಹೊನ್ನಾವರದ ನಮ್ಮ ಆಟೋ ನಿಲ್ದಾಣದಲ್ಲಿ ಆ ಮಾತು ಏಳುತ್ತದೆ: ಈ ಸಲ ಶಂಕ್ರಣ್ಣನ ಯಾವ ಚಿತ್ರ? ಹನ್ನೊಂದು ವರ್ಷಗಳಿಂದ ನಾವು ಕೆಲವರು ಸೇರಿ ಶಂಕರ್‌ನಾಗ್ ಅವರ ನೆನಪಿಗೆ ವರ್ಷಕ್ಕೊಂದು ಸಂಜೆ ಚಿತ್ರ ತೋರಿಸುತ್ತಿದ್ದೇವೆ. ಎರಡು ತೆಂಗಿನ ಮರಗಳ ನಡುವೆ ಬಿಳಿ ಬಟ್ಟೆ ಬಿಗಿಯುತ್ತೇವೆ, ಕುರ್ಚಿ ಸಾಲದಿದ್ದರೆ ಚಾಪೆ ಹಾಸುತ್ತೇವೆ, ಚಹಾದ ಪಾತ್ರೆ ಒಲೆಯ ಮೇಲಿರುತ್ತದೆ. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಆದರೆ ಚಿತ್ರ ಆರಿಸುವುದರಲ್ಲಿ ಪ್ರತಿ ಸಲವೂ ಮೂರು ವಾರ ಹೋಗುತ್ತದೆ. ಎರಡು ವರ್ಷ ಆಯ್ಕೆ ತಪ್ಪಿದ್ದೂ ಇದೆ. ಕುಮಟಾದಿಂದ, ಶಿರಸಿಯಿಂದ, ಕಾರವಾರದಿಂದ ಗೆಳೆಯರು ಫೋನ್ ಮಾಡಿ, 'ಮಾಸ್ತರೇ, ನಾವೂ ಒಂದು ಸಂಜೆ ಮಾಡುತ್ತೇವೆ, ಯಾವುದು ಹಾಕಲಿ?' ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿದ್ದನ್ನು ಒಟ್ಟಿಗೆ ಬರೆದಿಡೋಣ ಎಂದು ಕುಳಿತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಶಂಕರ್ ನಟಿಸಿದ ಚಿತ್ರಗಳು 80ರ ಆಸುಪಾಸು ಇವೆ, ಅದೂ ಬರೀ ಹನ್ನೆರಡು ವರ್ಷಗಳ ಅವಧಿಯಲ್ಲಿ. ಅವರೇ ನಿರ್ದೇಶಿಸಿದ್ದು ಬೆರಳೆಣಿಕೆಯಷ್ಟು. ಒಂದೇ ಸಂಜೆ ಕೈಯಲ್ಲಿದ್ದರೆ ಆ ಬೆರಳೆಣಿಕೆಯೊಳಗಿಂದ ಆರಿಸಿ. ಇದಕ್ಕೆ ನಿಲ್ದಾಣದಲ್ಲಿ ಒಪ್ಪದವರೇ ಹೆಚ್ಚು. ಅವರ ಮಾತಿನಲ್ಲಿಯೂ ಹುರುಳಿದೆ, ಅದನ್ನೂ ಬರೆಯುತ್ತೇನೆ.

ಮೊದಲು ದಿನದ ಮಾತು

ಎರಡು ದಿನಗಳಿವೆ. ನವೆಂಬರ್ 9 ಅವರು ಹುಟ್ಟಿದ ದಿನ, 1954ರಲ್ಲಿ, ಇದೇ ಹೊನ್ನಾವರದ ನೆಲದಲ್ಲಿ. ಸೆಪ್ಟೆಂಬರ್ 30 ಅವರು ಹೋದ ದಿನ. 1990ರ ಆ ಬೆಳಗ್ಗೆ 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆಗೆ ಹೊರಟಿದ್ದವರ ಕಾರು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಆಗ ಅವರಿಗೆ 35 ವರ್ಷ.

ಕರಾವಳಿಯಲ್ಲಿ ಬಯಲಿನಲ್ಲಿ ತೋರಿಸುವುದಾದರೆ ನವೆಂಬರ್ ಒಳ್ಳೆಯದು. ಸೆಪ್ಟೆಂಬರ್ ಕೊನೆಗೆ ಮಳೆ ಹೋಯಿತು ಎಂದು ನಂಬುವಂತಿಲ್ಲ. ಸಂಜೆ ಐದಕ್ಕೆ ಬಿಸಿಲು, ಆರೂವರೆಗೆ ಗುಡುಗು. ನಮ್ಮ ಮೂರನೆಯ ವರ್ಷ ಚಿತ್ರ ಅರ್ಧಕ್ಕೆ ಬಂದಾಗ ಮಳೆ ಹೊಯ್ದು, ಬಾಡಿಗೆಗೆ ತಂದ ಪ್ರೊಜೆಕ್ಟರನ್ನು ಇಬ್ಬರು ತಮ್ಮ ಮೈಯಲ್ಲೇ ಮರೆಮಾಡಿ ಹೊತ್ತು ಓಡಬೇಕಾಯಿತು. ಸೆಪ್ಟೆಂಬರ್ 30ನ್ನೇ ಇಟ್ಟುಕೊಳ್ಳುವವರು ಶಾಲೆಯ ಸಭಾಭವನವನ್ನೋ ಸೊಸೈಟಿಯ ಮಾಳಿಗೆಯನ್ನೋ ಕೇಳಿಟ್ಟುಕೊಳ್ಳಿ. ನವೆಂಬರಿನಲ್ಲಿ ಬೇರೊಂದು ತೊಡಕು ಇದೆ. ದೀಪಾವಳಿಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ. ಹತ್ತಿರದಲ್ಲಿ ಆಟವಿದ್ದ ರಾತ್ರಿ ನೀವು ಯಾವ ಚಿತ್ರ ಹಾಕಿದರೂ ಜನ ಬರುವುದಿಲ್ಲ, ಬರಲೆಂದು ಬಯಸುವುದೂ ಸರಿಯಲ್ಲ. ಕೆರೆಮನೆ, ಚಿಟ್ಟಾಣಿಯವರ ಊರುಗಳಲ್ಲಿ ಇರುವವರು ನಾವು.

ಇನ್ನೊಂದು, ದೋಣಿಗೆ ಹೋಗುವವರು ಬೆಳಗಿನ ಜಾವ ಏಳಬೇಕು. ಏಳು ಗಂಟೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವಂತಿದ್ದರೆ ಹೊಳೆಯಾಚೆಯ ನಮ್ಮ ಕಾಸರಕೋಡಿನಿಂದಲೂ ಬರುತ್ತಾರೆ. ಹೇಗೂ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಚಿತ್ರದ ಹಕ್ಕು ಯಾರ ಬಳಿ ಇದೆ ಎಂದು ವಿಚಾರಿಸಿ ಅನುಮತಿ ಪಡೆಯುವ ಕೆಲಸವನ್ನೂ ಮೊದಲೇ ಮುಗಿಸಿಕೊಳ್ಳಿ. ಅದಕ್ಕೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ನಿಲ್ದಾಣದವರ ಪಟ್ಟು: ಆಟೋ ರಾಜ, ಸಾಂಗ್ಲಿಯಾನ

ನಮ್ಮ ನಿಲ್ದಾಣದ ಹಿರಿಯ ಚಾಲಕರೊಬ್ಬರ ಆಟೋದ ಹಿಂಬದಿಯ ಗಾಜಿನ ಮೇಲೆ ಶಂಕರ್ ಚಿತ್ರ ಅಂಟಿಸಿದ್ದಾರೆ. ಉಪ್ಪುಗಾಳಿಗೂ ಬಿಸಿಲಿಗೂ ಅದರ ಕೆಂಪೆಲ್ಲ ಹಾರಿ ಹಳದಿಯಾಗಿದೆ, ಅಂಗಿಯ ಬಣ್ಣ ಯಾವುದಿತ್ತೆಂದೇ ತಿಳಿಯುವುದಿಲ್ಲ. ಕಣ್ಣು ಮತ್ತು ಮೀಸೆ ಮಾತ್ರ ಹಾಗೆಯೇ ಇವೆ. ಹೊಸದು ಅಂಟಿಸಿ ಎಂದರೆ, 'ಇದನ್ನು ಅಂಟಿಸಿದಾಗ ನನ್ನ ಮಗಳು ಹುಟ್ಟಿದ್ದಳು ಮಾಸ್ತರೇ, ಹೇಗೆ ಕೀಳಲಿ?' ಎನ್ನುತ್ತಾರೆ. ಪ್ರತಿ ನವೆಂಬರಿಗೆ ಆ ಗಾಜಿಗೊಂದು ಗೊಂಡೆ ಹೂವಿನ ಮಾಲೆ ಬೀಳುತ್ತದೆ.

ಈ ಪ್ರೀತಿಯ ಬೇರು 1980ರ 'ಆಟೋ ರಾಜ'ದಲ್ಲಿದೆ. ವಿಜಯ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ 'ನಲಿವಾ ಗುಲಾಬಿ ಹೂವೆ'. ಕಥೆ ಆ ಕಾಲದ ಚೌಕಟ್ಟಿನೊಳಗೇ ಇದೆ. ಆದರೆ ಮೂರು ಚಕ್ರದ ಬಂಡಿ ಓಡಿಸಿ ಹೊಟ್ಟೆ ಹೊರೆಯುವವನೊಬ್ಬ ಪರದೆಯ ಮೇಲೆ ತಲೆ ಎತ್ತಿ ನಿಂತದ್ದನ್ನು ರಾಜ್ಯದ ಚಾಲಕರು ನಲವತ್ತು ವರ್ಷ ಕಳೆದರೂ ಮರೆತಿಲ್ಲ. ಬೆಂಗಳೂರಿನಿಂದ ಭಟ್ಕಳದವರೆಗೆ ಅವರ ಹೆಸರಿನ ನಿಲ್ದಾಣಗಳಿವೆ.

ಇದಕ್ಕೆದುರಾಗಿ ಯುವ ಚಾಲಕರು ಹೇಳುವುದು 1988ರ 'ಸಾಂಗ್ಲಿಯಾನ'. ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರನ್ನೇ ಇಟ್ಟುಕೊಂಡು ಪಿ. ನಂಜುಂಡಪ್ಪ ಮಾಡಿದ ಚಿತ್ರ, ಹಂಸಲೇಖ ಸಂಗೀತ. ಎರಡನ್ನೂ ತೋರಿಸಿದ್ದೇವೆ. ಬಯಲಿನಲ್ಲಿ, ಗದ್ದಲದ ನಡುವೆ, ಮಕ್ಕಳು ಓಡಾಡುವ ಕಡೆ 'ಸಾಂಗ್ಲಿಯಾನ' ಗೆಲ್ಲುತ್ತದೆ. ಅದರ ಓಟ ಚುರುಕು, ವೇಷ ಮರೆಸಿ ಬರುವ ಅಧಿಕಾರಿಯನ್ನು ಕಂಡಾಗಲೆಲ್ಲ ಸಿಳ್ಳೆ ಬೀಳುತ್ತದೆ. 'ಆಟೋ ರಾಜ'ಕ್ಕೆ ಇಂದಿನ ಹುಡುಗರ ತಾಳ್ಮೆ ಸಾಲುವುದಿಲ್ಲ. ಆದರೆ ಹಾಡು ಬಂದಾಗ ಐವತ್ತು ದಾಟಿದವರೆಲ್ಲ ಒಟ್ಟಿಗೆ ದನಿಗೂಡಿಸುವುದನ್ನು ಕೇಳಬೇಕೆಂದರೆ ಅದೇ ಬೇಕು. ನಿಮ್ಮ ಸಂಜೆಯನ್ನು ನಡೆಸುತ್ತಿರುವವರು ಚಾಲಕರ ಸಂಘದವರೇ ಆಗಿದ್ದರೆ ನನ್ನ ಮಾತು ಬದಿಗಿಟ್ಟು 'ಆಟೋ ರಾಜ' ಹಾಕಿ. ಒಮ್ಮೆ ನಾನು ನಿರ್ದೇಶಕ ಶಂಕರ್ ಬಗ್ಗೆ ಅರ್ಧ ಗಂಟೆ ಹೇಳಿದ ಮೇಲೆ ಆ ಹಿರಿಯ ಚಾಲಕರು ಸಮಾಧಾನದಿಂದಲೇ ಹೇಳಿದರು: 'ನಿಮಗೆ ಅವರು ದೊಡ್ಡ ನಿರ್ದೇಶಕರು. ನಮಗೆ ಖಾಕಿ ಹಾಕಿದ ಅಣ್ಣ.' ಅದಕ್ಕೆ ಎದುರು ಮಾತಿಲ್ಲ.

'ಸಿ.ಬಿ.ಐ. ಶಂಕರ್' (1989) ಕೇಳುವವರೂ ಇದ್ದಾರೆ, 'ಎಸ್.ಪಿ. ಸಾಂಗ್ಲಿಯಾನ ಭಾಗ 2' (1990) ಕೇಳುವವರೂ ಇದ್ದಾರೆ. ಮೊದಲ 'ಸಾಂಗ್ಲಿಯಾನ' ತೋರಿಸಿದ ಮೇಲೆ ಇವು ಬೇರೆಯಾಗಿ ಬೇಕಿಲ್ಲ. ಇದೇ ಸಾಲಿನಲ್ಲಿ ನಿಲ್ಲದ, ಆದರೆ ಸದಾ ಮರೆತುಹೋಗುವ ಒಂದು ಚಿತ್ರವಿದೆ: ಸುನಿಲ್‌ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' (1989). ಹಾಡಿಲ್ಲದ ಕೊಲೆಯ ಕಥೆ. ಯಾಣದ ಬಂಡೆಗಳನ್ನು 'ನಮ್ಮೂರ ಮಂದಾರ ಹೂವೆ'ಯಲ್ಲಿ ನಾಡಿಗೆಲ್ಲ ತೋರಿಸಿದ ದೇಸಾಯಿ ಶುರು ಮಾಡಿದ್ದು ಶಂಕರ್ ಅವರನ್ನು ಇಟ್ಟುಕೊಂಡು ಎಂಬುದನ್ನು ನಮ್ಮ ಜಿಲ್ಲೆಯವರು ನೆನಪಿಟ್ಟುಕೊಳ್ಳಬೇಕು. ಇಪ್ಪತ್ತು ಮೂವತ್ತು ಜನರ ಸಣ್ಣ ಕೋಣೆಗೆ ಹೇಳಿ ಮಾಡಿಸಿದ ಚಿತ್ರ.

ಗೀತಾ, ಅಥವಾ ಗಾಳಿಯನ್ನು ಗೆಲ್ಲುವ ಚಿತ್ರ

ನಮ್ಮ ಕೇರಿಯ ಹೆಂಗಸರನ್ನು ಕೇಳಿದರೆ ಉತ್ತರ ಒಂದೇ, 'ಗೀತಾ'. 1981ರಲ್ಲಿ ಬಂದ, ಶಂಕರ್ ಅವರೇ ನಿರ್ದೇಶಿಸಿ ನಟಿಸಿದ ಚಿತ್ರ. ನಾಯಕಿ ಅಕ್ಷತಾ ರಾವ್, ಅಂದರೆ ಶಂಕರ್ ಪತ್ನಿ ಅರುಂಧತಿ ನಾಗ್ ಅವರ ತಂಗಿ ಪದ್ಮಾವತಿ ರಾವ್. ಹಾಡುಗಾರನೊಬ್ಬ, ರಕ್ತದ ಕ್ಯಾನ್ಸರಿನಿಂದ ನವೆಯುತ್ತಿರುವ ಅವನ ಪ್ರೇಯಸಿ. ಇಳಯರಾಜ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. 'ಜೊತೆಯಲಿ ಜೊತೆಜೊತೆಯಲಿ' ಹಾಡಿನ ಧಾಟಿಯನ್ನು ಇಳಯರಾಜ ಮುಂದೆ ತಮಿಳಿನಲ್ಲಿ ಬಳಸಿದರು, 2007ರಲ್ಲಿ ಹಿಂದಿಯ 'ಚೀನಿ ಕಂ' ಚಿತ್ರಕ್ಕೂ ತಂದರು. ಆ ಹಿಂದಿ ಹಾಡು ಕೇಳಿದ ನಮ್ಮೂರ ಹುಡುಗರು ಅದು ಹಿಂದಿಯದೇ ಎಂದುಕೊಂಡಿದ್ದರು. 'ಗೀತಾ' ತೋರಿಸಿದ ರಾತ್ರಿ ಅವರ ಮುಖ ನೋಡಬೇಕಿತ್ತು.

ಕಡಲ ಬದಿಯಲ್ಲಿ ಚಿತ್ರ ತೋರಿಸುವವರಿಗೆ ಒಂದು ಗುಟ್ಟು. ಗಾಳಿ ಬೀಸಿದರೆ ಮಾತು ಹಾರಿಹೋಗುತ್ತದೆ, ಹಾಡು ನಿಲ್ಲುತ್ತದೆ. ಗೊತ್ತಿರುವ ಹಾಡಾದರೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ಕೇಳುಗ ತಾನೇ ತುಂಬಿಕೊಳ್ಳುತ್ತಾನೆ. ಬಟ್ಟೆ ಹಾಯಿಯಂತೆ ಉಬ್ಬಿ ಶಂಕರ್ ಕೆನ್ನೆ ಊದಿಕೊಂಡಂತೆ ಕಂಡರೂ 'ಸಂತೋಷಕ್ಕೆ ಹಾಡು ಸಂತೋಷಕ್ಕೆ' ಬಂದಾಗ ಯಾರೂ ದೂರುವುದಿಲ್ಲ. ಬಟ್ಟೆಯ ಕೆಳಗಿನ ಅಂಚಿಗೆ ಬಿದಿರಿನ ಗಳ ಹೊಲಿದು, ಗಳದ ಎರಡು ತುದಿಗೆ ಬಲೆಯ ಸೀಸದ ಗುಂಡು ಕಟ್ಟಿ ಇಳಿಬಿಡುವುದನ್ನು ನಮಗೆ ಕಲಿಸಿದವರು ಮೀನುಗಾರ ಹುಡುಗರು. ಅಂದಿನಿಂದ ಮುಖ ಊದಿಕೊಳ್ಳುವುದು ಕಡಿಮೆಯಾಗಿದೆ.

'ಗೀತಾ' ಜೊತೆಗೆ ಹೋಲಿಸಲು 'ಜನ್ಮ ಜನ್ಮದ ಅನುಬಂಧ' (1980) ಇದೆ. ಅದೂ ಶಂಕರ್ ನಿರ್ದೇಶನ, ಇಳಯರಾಜ ಸಂಗೀತ. ಎಸ್. ಜಾನಕಿ ಹಾಡಿದ 'ತಂಗಾಳಿಯಲ್ಲಿ' ಒಂದೇ ಸಾಕು, ಆದರೆ ಪೂರ್ವಜನ್ಮದ ಕಥೆಯನ್ನು ಬಯಲಿನಲ್ಲಿ ಕುಳಿತು ಹಿಂಬಾಲಿಸುವುದು ಕಷ್ಟ. ಎರಡರಲ್ಲಿ 'ಗೀತಾ'ವೇ ಸರಿ.

ನಾನು ಆರಿಸುವುದು

ಹಾಗಿದ್ದರೂ ಯಾರಾದರೂ ನನ್ನ ಕೈ ಹಿಡಿದು 'ಒಂದೇ ಒಂದು ಹೇಳಿ' ಎಂದರೆ ನಾನು ಹೇಳುವುದು 'ಮಿಂಚಿನ ಓಟ'.

1980ರ ಚಿತ್ರ ಅದು. ಶಂಕರ್ ನಿರ್ದೇಶಿಸಿದ ಮೊದಲ ಚಿತ್ರ. ಆಗ ಅವರಿಗೆ ಇಪ್ಪತ್ತೈದರ ಸುಮಾರು. ಕಾರು ಕದಿಯುವವರ ಕಥೆ, ಜೈಲಿನಿಂದ ತಪ್ಪಿಸಿಕೊಳ್ಳುವ ಕಥೆ. ಅನಂತ್‌ನಾಗ್, ಶಂಕರ್, ಲೋಕನಾಥ್ ಮೂವರೂ ಕಳ್ಳರು. ಜೊತೆಗೆ ಪ್ರಿಯಾ ತೆಂಡೂಲ್ಕರ್, ರಮೇಶ್ ಭಟ್. ಅತ್ಯುತ್ತಮ ಚಿತ್ರ ಸೇರಿ ಏಳು ರಾಜ್ಯ ಪ್ರಶಸ್ತಿಗಳು ಬಂದವು. ಪ್ರಶಸ್ತಿಗಾಗಿ ಇದನ್ನು ಆರಿಸಿ ಎನ್ನುತ್ತಿಲ್ಲ. ನಾನು ಪ್ರತಿ ಸಲ ನೋಡುವಾಗಲೂ ಗಮನಿಸುವುದು ಒಂದೇ ಸಂಗತಿ: ಮೊದಲ ಚಿತ್ರ, ತಾನೇ ನಿರ್ದೇಶಕ, ತಾನೇ ನಟ. ಒಳ್ಳೆಯ ದೃಶ್ಯಗಳನ್ನೆಲ್ಲ ತನಗೆ ಇಟ್ಟುಕೊಳ್ಳಲು ಯಾರ ತಡೆಯೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕಥೆಯ ನೋವನ್ನು ಅಣ್ಣನಿಗೆ ಕೊಟ್ಟರು. ಪ್ರೇಕ್ಷಕರ ಮಮತೆಯನ್ನು ಲೋಕನಾಥ್ ಅವರಿಗೆ ಕೊಟ್ಟರು. ತಾವು ಬದಿಯಲ್ಲಿ ನಿಂತರು.

ಅಣ್ಣ ತಮ್ಮ ಒಂದೇ ಚೌಕಟ್ಟಿನಲ್ಲಿ ಕಾಣುವುದು ನಮ್ಮ ಊರಿನವರಿಗೆ ಬೇರೆಯೇ ಒಂದು ಸಂತೋಷ. ನಾಗರಕಟ್ಟೆ ಮನೆತನ, ಶಿರಾಲಿಯ ಚಿತ್ರಾಪುರ ಮಠದ ನಂಟು, ಹೊನ್ನಾವರದ ಬಾಲ್ಯ, ಆಮೇಲೆ ಮುಂಬೈ. ಇದನ್ನೆಲ್ಲ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಒಂದು ವರ್ಷ ಪ್ರದರ್ಶನ ಮುಗಿದ ಮೇಲೆ ಎಂಬತ್ತರ ಅಜ್ಜಿಯೊಬ್ಬರು ಎದ್ದು ಹೋಗದೆ ಕುಳಿತೇ ಇದ್ದರು. ಕೈಹಿಡಿದು ಎಬ್ಬಿಸಲು ಹೋದರೆ, 'ತಡೆ ತಮ್ಮಾ, ಇಬ್ಬರೂ ಒಟ್ಟಿಗೆ ಕಂಡರಲ್ಲ' ಎಂದರು, ಕೊಂಕಣಿಯಲ್ಲಿ. 2025ರಲ್ಲಿ ಅನಂತ್‌ನಾಗ್ ಅವರಿಗೆ ಪದ್ಮಭೂಷಣ ಎಂದು ಸುದ್ದಿ ಬಂದ ದಿನ ನಮ್ಮ ನಿಲ್ದಾಣದಲ್ಲಿ ಸಿಹಿ ಹಂಚಿದರು. ಆಗಲೂ ಎಲ್ಲರ ಬಾಯಲ್ಲಿ ತಮ್ಮನ ಹೆಸರೇ ಬಂದದ್ದು.

'ಗೀತಾ'ಕ್ಕೂ 'ಮಿಂಚಿನ ಓಟ'ಕ್ಕೂ ವ್ಯತ್ಯಾಸ ಕೇಳುತ್ತೀರಾದರೆ ಹೀಗೆ ಹೇಳಬಹುದು. 'ಗೀತಾ' ನೋಡಿದವರು ಹಾಡು ಗುನುಗುತ್ತ ಮನೆಗೆ ಹೋಗುತ್ತಾರೆ. 'ಮಿಂಚಿನ ಓಟ' ನೋಡಿದವರು ಮಾತಾಡುತ್ತ ನಿಲ್ಲುತ್ತಾರೆ, ಚಹಾದ ಪಾತ್ರೆ ಎರಡನೆಯ ಸಲ ಒಲೆಗೆ ಏರುತ್ತದೆ. ಕಳ್ಳನನ್ನು ಮೆಚ್ಚಬಹುದೇ ಎಂಬ ವಾದ ನಮ್ಮಲ್ಲಿ ರಾತ್ರಿ ಹನ್ನೊಂದರವರೆಗೆ ನಡೆದದ್ದಿದೆ. ನನಗೆ ನೆನಪಿನ ಸಂಜೆಯೆಂದರೆ ಆ ಮಾತುಕತೆಯೇ. ಅದಕ್ಕಾಗಿ ಇದು.

ಕೊರತೆಯೂ ಇದೆ. ನಾವು ನೋಡಿದ ಪ್ರತಿ ತೀರಾ ಮಸುಕಾಗಿತ್ತು, ಕತ್ತಲ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯುತ್ತಿರಲಿಲ್ಲ. ಹುಣ್ಣಿಮೆಯ ಆಸುಪಾಸು, ಬೀದಿದೀಪದ ಬಳಿ ತೋರಿಸಬೇಡಿ. ಮೊದಲ ಸಾರಿ ತಪ್ಪಿದ್ದು ಇಲ್ಲಿಯೇ. ಪೂರ್ತಿ ಕತ್ತಲೆಯಾಗುವ ಜಾಗ ಹುಡುಕಿ.

ಶಿರಸಿಯವರಿಗೆ

ಘಟ್ಟ ಹತ್ತಿದರೆ ನನ್ನ ಸಲಹೆ ಬದಲಾಗುತ್ತದೆ. ಶಿರಸಿಯಲ್ಲಿ 'ಒಂದಾನೊಂದು ಕಾಲದಲ್ಲಿ' ತೋರಿಸಿ. 1978ರ ಈ ಚಿತ್ರವೇ ಶಂಕರ್ ಅವರನ್ನು ಮುಂಬೈ ರಂಗಭೂಮಿಯಿಂದ ಕನ್ನಡ ಚಿತ್ರಕ್ಕೆ ಕರೆತಂದದ್ದು. ನಿರ್ದೇಶಕ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, ನಾಟಕ, ಯಕ್ಷಗಾನಗಳ ಹುಚ್ಚು ಹತ್ತಿಸಿಕೊಂಡದ್ದೂ ಅಲ್ಲಿಯೇ. ಘಟ್ಟದ ಮೇಲಿನ ಹುಡುಗ ಬರೆದ ಯುದ್ಧದ ಕಥೆಗೆ ಘಟ್ಟದ ಕೆಳಗಿನ ಹುಡುಗ ಜೀವ ತುಂಬಿದ. ಇಬ್ಬರು ಪಾಳೆಯಗಾರರ ಹಗೆಯ ನಡುವೆ ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್, ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಜಪಾನಿನ ಕುರೊಸಾವಾ ಅವರ ಚಿತ್ರಗಳ ಪ್ರಭಾವವನ್ನು ಕಾರ್ನಾಡರು ಮುಚ್ಚಿಡಲಿಲ್ಲ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು, ರಜತ ಮಯೂರ. ಮೊದಲ ಕನ್ನಡ ಚಿತ್ರ, ಇನ್ನೂ ಇಪ್ಪತ್ತನಾಲ್ಕು ವರ್ಷ.

ಇದನ್ನು ನಮ್ಮ ಕೆಳಗಿನ ಬಯಲಿನಲ್ಲಿ ಹಾಕಿದಾಗ ಜನ ಅರ್ಧಕ್ಕೆ ಎದ್ದರು. ಅದು ನಿಧಾನವಾಗಿ ಕಾಯಿಸುವ ಚಿತ್ರ. ಹೊಡೆದಾಟ ಬರುವ ಮುಂಚೆ ಕಾಯಿಸುತ್ತದೆ, ಬಂದಾಗಲೂ ಢಂ ಢಂ ಎಂದು ಸದ್ದು ಮಾಡುವುದಿಲ್ಲ. ಆದರೆ ಶಿರಸಿಯ ಗೆಳೆಯರು ಒಂದು ಸಭಾಭವನದಲ್ಲಿ ತೋರಿಸಿದ ಸಂಜೆ ನಾನೂ ಹೋಗಿದ್ದೆ. ಮುಂದಿನ ಸಾಲಿನಲ್ಲಿ, ವೇಷವಿಲ್ಲದೆ ಮಾತಿನಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಲೆಯ ಇಬ್ಬರು ಅರ್ಥಧಾರಿಗಳು ಕುಳಿತಿದ್ದರು. ಗಂಡುಗಲಿ ಬರುವ ರೀತಿಯನ್ನು ನೋಡಿ ಒಬ್ಬರು ಪಕ್ಕದವರಿಗೆ, 'ಚೆಂಡೆಯಿಲ್ಲದೆ ಪ್ರವೇಶ ಮಾಡಿದ ನೋಡಿ' ಎಂದರು. ಪಾತ್ರಗಳ ಋಣ, ಸ್ವಾಮಿನಿಷ್ಠೆ, ಕೂಲಿಯವನ ಧರ್ಮ ಯಾವುದು ಎಂಬುದರ ಮೇಲೆ ಆಮೇಲೆ ಅವರಿಬ್ಬರ ನಡುವೆ ನಡೆದದ್ದು ಒಂದು ಪ್ರಸಂಗವೇ. ಮಾತನ್ನು ತೂಗುವವರು ಇರುವ ಊರಿಗೆ ಈ ಚಿತ್ರ.

ಕಾರ್ನಾಡರದೇ ಹಿಂದಿ 'ಉತ್ಸವ್' (1984) ಚಿತ್ರದಲ್ಲಿ ಶಂಕರ್ ಸಜ್ಜಲನೆಂಬ ಕಳ್ಳನಾಗಿ ಬರುತ್ತಾರೆ. ಬೇಕಾದವರು ಮನೆಯಲ್ಲಿ ನೋಡಿಕೊಳ್ಳಿ, ಊರಿನ ನಡುವೆ ಮಕ್ಕಳು ಮರಿ ಸೇರಿದ ಕಡೆ ತೋರಿಸುವಂಥದ್ದಲ್ಲ. ಕಾರವಾರದಲ್ಲಿ ಮರಾಠಿ ಬಲ್ಲವರು ಹೆಚ್ಚು. ಅಲ್ಲಿಯವರಿಗೆ ಮಾತ್ರ ಹೇಳುವ ಮಾತು: ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿಯನ್ನು ಕೊಂದ ಚಾಪೇಕರ ಸಹೋದರರ ಕುರಿತ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಶಂಕರ್ ಪಾಲೂ ಇದೆ. ಕನ್ನಡದವರು ಕಾಣದ ಶಂಕರ್ ಅಲ್ಲಿದ್ದಾರೆ.

ಆಕ್ಸಿಡೆಂಟ್: ಯಾವ ದಿನ, ಯಾರಿಗೆ

ನನ್ನ ಎರಡನೆಯ ತಪ್ಪು ಇಲ್ಲಿ ಆದದ್ದು. ನಿರ್ದೇಶಕ ಶಂಕರ್ ಅವರ ಅತ್ಯಂತ ಗಟ್ಟಿ ಕೆಲಸ 'ಆಕ್ಸಿಡೆಂಟ್' ಎಂದು ನಂಬಿದವನು ನಾನು. ಪ್ರಭಾವಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಬೀದಿಬದಿ ಮಲಗಿದ್ದ ಬಡವರ ಮೇಲೆ ಹಾಯಿಸುತ್ತಾನೆ. ಅದನ್ನು ಮುಚ್ಚಿಹಾಕಲು ಇಡೀ ವ್ಯವಸ್ಥೆ ಕೈಜೋಡಿಸುತ್ತದೆ. ಬೆನ್ನು ಹತ್ತುವ ಪತ್ರಕರ್ತ ಶಂಕರ್, ರಾಜಕಾರಣಿ ಅನಂತ್‌ನಾಗ್. ವಸಂತ ಮೊಕಾಶಿ ಬರವಣಿಗೆ, ಇಳಯರಾಜ ಹಿನ್ನೆಲೆ ಸಂಗೀತ, ಹಾಡು ಒಂದೂ ಇಲ್ಲ. ಸಾಮಾಜಿಕ ವಿಷಯಗಳ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು. ಇಂದಿಗೂ ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಇದೇ ಕಥೆ ಸುದ್ದಿಯಾಗಿ ಬರುತ್ತದೆ.

ಆರು ವರ್ಷಗಳ ಹಿಂದೆ ಇದನ್ನು ಸೆಪ್ಟೆಂಬರ್ 30ರಂದು ತೋರಿಸಿದೆವು. ಹೆಸರು ಪರದೆಯ ಮೇಲೆ ಬಂದ ಕೂಡಲೇ ಆ ಹಿರಿಯ ಚಾಲಕರು ಎದ್ದು ಹೊರಗೆ ನಡೆದರು. ಹಿಂದೆಯೇ ನಾಲ್ಕೈದು ಜನ. ಹೊರಗೆ ಹೋಗಿ ನೋಡಿದರೆ ಅವರು ತಮ್ಮ ಆಟೋದ ಹಿಂದೆ ನಿಂತು ಆ ಮಾಸಿದ ಚಿತ್ರವನ್ನು ಒರೆಸುತ್ತಿದ್ದರು. 'ಇವತ್ತು ಬೇಡವಿತ್ತು' ಎಂದರು, ಅಷ್ಟೇ. ಚಿತ್ರದ ವಿಷಯ ಹೆದ್ದಾರಿಯ ಅಪಘಾತವಲ್ಲ, ಅಧಿಕಾರದ ಅನ್ಯಾಯ ಎಂದು ವಾದಿಸಲು ನನ್ನಲ್ಲಿ ಮಾತುಗಳಿದ್ದವು. ಆದರೆ ಪ್ರತಿದಿನ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜೀವ ಕೈಯಲ್ಲಿ ಹಿಡಿದು ಓಡಾಡುವವರು ಅವರು. ಆ ದಿನ, ಆ ಹೆಸರು, ನನಗೆ ಹೊಳೆಯಬೇಕಿತ್ತು.

ಆದ್ದರಿಂದ 'ಆಕ್ಸಿಡೆಂಟ್' ತೋರಿಸಿ, ಆದರೆ ಕಾಲೇಜಿನಲ್ಲಿ ತೋರಿಸಿ, ವರ್ಷದ ಬೇರೆ ಯಾವ ದಿನವಾದರೂ. ಮುಚ್ಚಿದ ಕೋಣೆ, ಒಳ್ಳೆಯ ಸ್ಪೀಕರ್ ಬೇಕು, ಏಕೆಂದರೆ ಇದರಲ್ಲಿ ಮೌನಕ್ಕೂ ಕೆಲಸವಿದೆ. ಮುಗಿದ ಮೇಲೆ ಒಂದು ಗಂಟೆ ಮಾತಿಗೆ ಇಟ್ಟುಕೊಳ್ಳಿ. ಪದವಿ ತರಗತಿಯ ಹುಡುಗಿಯೊಬ್ಬಳು ಪತ್ರಿಕೋದ್ಯಮ ಓದಲು ಹೊರಟದ್ದು ಈ ಚಿತ್ರ ನೋಡಿದ ಮೇಲೆ ಎಂದು ಅವಳೇ ನನಗೆ ಹೇಳಿದ್ದಾಳೆ.

ಮಕ್ಕಳಿದ್ದರೆ

ಯೋಚಿಸುವುದೇ ಬೇಡ, ಶಂಕರ್ ನಿರ್ದೇಶಿಸಿದ ಧಾರಾವಾಹಿ 'ಮಾಲ್ಗುಡಿ ಡೇಸ್'. ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸ್ವಾಮಿಯ ಎರಡು ಮೂರು ಕಂತು ಹಾಕಿದರೆ ಒಂದು ಶಾಲೆಯ ಮಧ್ಯಾಹ್ನ ತುಂಬುತ್ತದೆ. ಆರ್.ಕೆ. ನಾರಾಯಣ್ ಕಥೆಗಳು, ಆರ್.ಕೆ. ಲಕ್ಷ್ಮಣ್ ರೇಖೆಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಆಗುಂಬೆಯಲ್ಲಿ ಚಿತ್ರಿಸಿ 1980ರ ದಶಕದ ನಡುವೆ ದೂರದರ್ಶನದಲ್ಲಿ ದೇಶಕ್ಕೆಲ್ಲ ತೋರಿಸಿದರು. ಆ ಹಂಚಿನ ಮಾಡು, ಜಗಲಿಯ ಕಂಬ, ಹೊರಗೆ ಜಡಿಮಳೆ ಎಲ್ಲ ನಮ್ಮ ಮಕ್ಕಳಿಗೆ ಹೊಸದಲ್ಲ. ತಮ್ಮ ಅಜ್ಜನ ಮನೆ ಪರದೆಯ ಮೇಲೆ ಬಂತು ಎಂದೇ ನೋಡುತ್ತಾರೆ. ಭಾಷೆ ಹಿಂದಿ ಎಂಬುದೊಂದೇ ತೊಡಕು. ನಾವು ಒಬ್ಬ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿ ಆಗಾಗ ಕನ್ನಡದಲ್ಲಿ ಹೇಳಿಸುತ್ತೇವೆ. ಮೂರನೆಯ ಕಂತಿಗೆ ಅವರ ಅಗತ್ಯವೇ ಇರುವುದಿಲ್ಲ.

ಅವರೇ ಇಲ್ಲದ ಚಿತ್ರ

ಕೊನೆಯದಾಗಿ, ನಮ್ಮಲ್ಲಿ ಇನ್ನೂ ಬಗೆಹರಿಯದ ಜಗಳ. 'ಒಂದು ಮುತ್ತಿನ ಕಥೆ' (1987). ನಾಯಕ ಡಾ. ರಾಜಕುಮಾರ್, ನಾಯಕಿ ಅರ್ಚನಾ, ಶಂಕರ್ ಇರುವುದು ಕ್ಯಾಮೆರಾದ ಹಿಂದೆ. ಅಮೆರಿಕದ ಜಾನ್ ಸ್ಟೈನ್‌ಬೆಕ್ ಬರೆದ ಕಿರುಕಾದಂಬರಿಯ ಎಳೆ. ಕಡಲಿನಲ್ಲಿ ಮುಳುಗಿ ಮುತ್ತು ಹೆಕ್ಕುವ ಐತುವಿಗೆ ದೊಡ್ಡ ಮುತ್ತು ಸಿಗುತ್ತದೆ, ಅದೇ ಅವನ ಬದುಕಿಗೆ ಮುಳ್ಳಾಗುತ್ತದೆ. ನೀರಿನಡಿಯ ದೃಶ್ಯಗಳನ್ನು ಮಾಲ್ಡೀವ್ಸ್‌ನಲ್ಲಿ ಚಿತ್ರಿಸಿದರು. ರಾಜಕುಮಾರ್ ಎಂದರೆ ಅಭಿಮಾನಿಗಳು ಬಯಸುವ ಅಬ್ಬರವೊಂದೂ ಇದರಲ್ಲಿಲ್ಲ. ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ಬಡವನಾಗಿ ಅವರನ್ನು ನಿಲ್ಲಿಸುವ ಧೈರ್ಯ ಮೂವತ್ತೆರಡರ ನಿರ್ದೇಶಕನಿಗಿತ್ತು, ಒಪ್ಪಿಕೊಳ್ಳುವ ದೊಡ್ಡತನ ರಾಜಕುಮಾರ್ ಅವರಿಗಿತ್ತು.

'ಶಂಕ್ರಣ್ಣನ ದಿನ ಶಂಕ್ರಣ್ಣನೇ ಕಾಣದಿದ್ದರೆ ಹೇಗೆ?' ಎಂದು ನಿಲ್ದಾಣದವರು. ಅವರ ಮಾತು ಮೀರಿ ಹೋದ ವರ್ಷ ಕಾಸರಕೋಡಿನ ಕಡೆಯಲ್ಲಿ, ಮೀನುಗಾರರ ಕೇರಿಯಲ್ಲಿ ಇದನ್ನು ಹಾಕಿದೆವು. ನಾನು ಪರದೆಗಿಂತ ಹೆಚ್ಚು ಜನರನ್ನೇ ನೋಡುತ್ತಿದ್ದೆ. ಕಡಲನ್ನು ಇವರಿಗಿಂತ ಬಲ್ಲ ಪ್ರೇಕ್ಷಕರು ಯಾರಿದ್ದಾರೆ? ರಂಪಣಿ ಬಲೆ ಎಳೆದ ಮುದುಕರಿದ್ದರು. ಇಳಿತದ ಹೊತ್ತಿಗೆ ಹೊಳೆಯಲ್ಲಿ ಎದೆಮಟ್ಟ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿದ್ದರು. ದೋಣಿ ನಡೆಸುವ ರೀತಿ ನೋಡಿ ಕೆಲವರು ತಲೆಯಾಡಿಸಿದರು, ಕೆಲವರು ತಕರಾರು ತೆಗೆದರು. ನೀರೊಳಗಿನ ದೃಶ್ಯ ಬಂದಾಗ ಎಲ್ಲರೂ ಸುಮ್ಮನಾದರು. ಮುಳುಗಿದವನ ಜೊತೆ ತಾವೂ ಉಸಿರು ಹಿಡಿದಿದ್ದಾರೆಂದು ನನಗೆ ತಿಳಿದದ್ದು, ಅವನು ಮೇಲೆ ಬಂದಾಗ ಇಡೀ ಬಯಲು ಒಮ್ಮೆಲೇ ಉಸಿರು ಬಿಟ್ಟಾಗ.

ಮುಗಿದ ಮೇಲೆ ಬಟ್ಟೆ ಬಿಚ್ಚುತ್ತಿದ್ದೆವು. ಬಳಚು ಹೆಕ್ಕುವ ಅಕ್ಕನೊಬ್ಬಳು ಬಂದು ಗಳಕ್ಕೆ ಕಟ್ಟಿದ ಸೀಸದ ಗುಂಡು ಬಿಡಿಸಲು ಕೈಹಾಕಿದಳು. ಬೆರಳ ತುದಿಗಳೆಲ್ಲ ಚಿಪ್ಪು ತಾಗಿ ಗೀರುಗೀರಾಗಿದ್ದವು. 'ನಲವತ್ತು ವರ್ಷ ಚಿಪ್ಪು ಒಡೆದಿದ್ದೇನೆ ಮಾಸ್ತರೇ, ಒಳಗೆ ಏನಾದರೂ ಇದ್ದೀತು ಎಂದು ಒಂದು ದಿನವೂ ಎಣಿಸಿದವಳಲ್ಲ' ಎಂದಳು. ಸ್ವಲ್ಪ ತಡೆದು ಕೇಳಿದಳು: 'ಇದನ್ನು ಮಾಡಿದವರು ನಮ್ಮ ಹೊನ್ನಾವರದವರೇ ಅಂದಿರಲ್ಲ, ಅವರು ಇದರಲ್ಲಿ ಯಾರಾಗಿದ್ದರು?'

ಹಿರಿಯ ಚಾಲಕರು ಪಕ್ಕದಲ್ಲೇ ಹಗ್ಗ ಸುತ್ತುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಅವಳಿಗೆ ಹೇಳತೊಡಗಿದರು. ಈ ವರ್ಷ ಚೌತಿಗೆ ಮುಂಚೆಯೇ ನಿಲ್ದಾಣದಲ್ಲಿ ಮಾತು ಎದ್ದಿದೆ: ನವೆಂಬರ್ 9ಕ್ಕೆ ನಮ್ಮ ಬಯಲಿನಲ್ಲಿ 'ಮಿಂಚಿನ ಓಟ', ಮರುದಿನ ಕಾಸರಕೋಡಿನಲ್ಲಿ ಇನ್ನೊಮ್ಮೆ ಮುತ್ತಿನ ಕಥೆ. ಎರಡಕ್ಕೂ ಸೇರಿ ಪ್ರೊಜೆಕ್ಟರಿನ ಬಾಡಿಗೆ ಕೊಡುತ್ತೇನೆಂದು ಒಪ್ಪಿಕೊಂಡವರು ಆ ಹಿರಿಯ ಚಾಲಕರೇ.